ಒತ್ತಾಯವಿಲ್ಲದ ನಿದ್ದೆ

ಊಟ ಮಾಡಿದ ಮೇಲೆ ಸರ್ಕಾರ ಮಲಗುತ್ತದೆ ಎಂದು ಜನ ಆಡಿಕೊಳ್ಳುವುದು ಬಹಳ ಹಿಂದಿನಿಂದ ಬಂದದ್ದು. ಈ ಕಥೆ ನಡೆಯುವ ಕಾಲಕ್ಕೆ ಅದು ಕಾನೂನೇ ಆಗಿತ್ತು.

ಅದು ಹೀಗಾಯಿತು. ನಮ್ಮ ಸಂವಿಧಾನದ ನಾಲ್ಕನೆಯ ಭಾಗದಲ್ಲಿ ರಾಜ್ಯ ನೀತಿಯ ನಿರ್ದೇಶಕ ತತ್ವಗಳು ಎಂಬ ಅಧ್ಯಾಯವಿದೆಯಲ್ಲ, ಆಳುವವರಿಗೆ ದಾರಿ ತೋರುವ ಮಾತುಗಳು ಅವು. ದುಡಿಯುವವರು ಮನುಷ್ಯರಂತೆ ದುಡಿಯುವ ಅನುಕೂಲವಿರಲಿ, ಹೆತ್ತವಳಿಗೆ ಆಸರೆಯಿರಲಿ, ಎಳೆಯ ಮಕ್ಕಳಿಗೆ ಆರೈಕೆ ಸಿಗಲಿ, ಸಂಪತ್ತು ಕೆಲವರ ಅಂಗಳದಲ್ಲೇ ಗುಡ್ಡೆ ಬೀಳದಿರಲಿ ಎಂಬಂಥವು. ಆದರೆ ಇವನ್ನು ಪಾಲಿಸಲಿಲ್ಲವೆಂದು ಯಾರನ್ನೂ ಕೋರ್ಟಿಗೆ ಎಳೆಯುವಂತಿಲ್ಲ ಎಂದೂ ಅಲ್ಲೇ ಬರೆದಿದೆ. ಕೋರ್ಟಿಗೆ ಎಳೆಯುವಂತಿಲ್ಲವಾದರೂ ಆಳ್ವಿಕೆಗೆ ಇವೇ ಬುನಾದಿ ಎಂದೂ ಬರೆದಿದೆ. ಮನೆಯ ಹಿರಿಯರು "ನಾ ಏನೂ ಹೇಳಂಗಿಲ್ಲಪ್ಪ, ನಿನಗ ತಿಳದಂಗ ಮಾಡು" ಎಂದು ಹೇಳಿ ಕಟ್ಟೆಯ ಮೇಲೆ ಕುಳಿತ ಹಾಗೆ. ಕೇಳಿದವರು ಕೇಳಿದರು, ಕೇಳದವರು ತಮ್ಮ ಪಾಡಿಗೆ ತಾವು ಹೋದರು. ತಲೆಮಾರುಗಳು ಹೀಗೆಯೇ ಕಳೆದವು.

ಆಮೇಲೆ, ನಿದ್ದೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಕೆಲವು ವಿಜ್ಞಾನಿಗಳು ಒಂದು ಯಂತ್ರ ಕಟ್ಟಿದರು. ಮಲಗಿದ ಮೆದುಳು ಸುಮ್ಮನಿರುವುದಿಲ್ಲ, ಸಿಕ್ಕಿದ್ದನ್ನು ಹಿಡಿದು ಕಥೆ ಹೆಣೆಯುತ್ತದೆ. ಹೊರಗಿನಿಂದ ಬೇರೊಬ್ಬರ ಸದ್ದು, ವಾಸನೆ, ಉಸಿರು, ಎದೆಬಡಿತಗಳನ್ನು ಹನಿಹನಿಯಾಗಿ ಕೊಟ್ಟರೆ ಅದು ಆ ಬೇರೊಬ್ಬರ ದಿನವನ್ನೇ ತನ್ನದೆಂದು ಹೆಣೆಯುತ್ತದೆ. ಜನರು ತಾವಾಗಿಯೇ ಕೈಗೊಂದು ಪಟ್ಟಿ ಕಟ್ಟಿಕೊಂಡು, ತಮ್ಮ ಕೂಸುಗಳ ಕಾಲಿಗೂ ಕಟ್ಟಿ, ಒಂದಷ್ಟು ದಿನಗಳ ಬದುಕನ್ನು ಯಂತ್ರಕ್ಕೆ ಕೊಟ್ಟರು. ಹೊಸ ಆಜ್ಞೆಯೊಂದು ಬಂದರೆ ಅದು ಯಾರನ್ನು ಹೆಚ್ಚು ತಟ್ಟುತ್ತದೆ, ಅವರ ದಿನ ಆಗ ಹೇಗಿರುತ್ತದೆ ಎಂದು ಯಂತ್ರ ಲೆಕ್ಕ ಹಾಕುತ್ತಿತ್ತು. ಆ ದಿನವನ್ನು, ಆಜ್ಞೆಗೆ ಸಹಿ ಹಾಕುವವನ ತಲೆದಿಂಬಿನ ಮೂಲಕ, ಮಧ್ಯಾಹ್ನದ ಒಂದು ನಿದ್ದೆಯಲ್ಲಿ ಅವನೊಳಗೆ ಇಳಿಸುತ್ತಿತ್ತು.

ಕಾನೂನು ಇಷ್ಟೇ ಹೇಳಿತು: ಬಹಳ ಜನರನ್ನು ತಟ್ಟುವ ಆಜ್ಞೆಗೆ ಸಹಿ ಹಾಕುವವನು ಮೊದಲು ಅದರ ಮೇಲೆ ಮಲಗಿ ಏಳಬೇಕು. ಕನಸು ಕಾಣಲೇಬೇಕು, ಕಂಡಂತೆ ನಡೆಯಲೇಬೇಕೆಂದಿಲ್ಲ. ಎದ್ದ ದಿನ ಸೂರ್ಯ ಮುಳುಗುವುದರೊಳಗೆ ಸಹಿಯಾಗದಿದ್ದರೆ ಆಜ್ಞೆ ಬಿದ್ದುಹೋಗುತ್ತದೆ. ಸರ್ಕಾರ ಇದಕ್ಕೆ ಅನುಭವ ನಿದ್ರೆ ಎಂದು ಹೆಸರಿಟ್ಟಿತು. ಜನ ಹಗಲುಗನಸಿನ ಇಲಾಖೆ ಎಂದು ಕರೆದರು.

ಕಾನೂನು ಚಾಪೆಯ ಕೆಳಗೆ ತೂರಿದರೆ ಅಧಿಕಾರಿಗಳು ರಂಗೋಲಿಯ ಕೆಳಗೆ ತೂರುವವರು. ಮಲಗುವ ಮೊದಲು ಖಡಕ್ ಚಹಾ ಕುಡಿದರೆ ನಿದ್ದೆ ತೆಳ್ಳಗೆ ಬರುತ್ತದೆ, ತೆಳು ನಿದ್ದೆಯಲ್ಲಿ ಕನಸು ದೂರದ ಊರಿನ ಭಜನೆಯಂತೆ ಕೇಳಿಸಿಯೂ ಕೇಳಿಸದಂತೆ ಹೋಗುತ್ತದೆ ಎಂದು ಬೇಗನೆ ಕಂಡುಕೊಂಡರು. ಎಲ್ಲ ನಿದ್ರಾಕೊಠಡಿಗಳ ಹೊರಗೂ ಒಂದೊಂದು ಚಹಾದಂಗಡಿ ಹುಟ್ಟಿಕೊಂಡದ್ದು ಹಾಗೆ.

ಕೆಂಗೊಂಡದ ಫಕೀರೇಶ ಕಡಕೋಳ ಈ ತೆಳು ನಿದ್ದೆಯಲ್ಲಿ ಪಳಗಿದವನು. ಕೆಂಗೊಂಡ ಮೆಣಸಿನಕಾಯಿ ಪೇಟೆಯ ಊರು. ಸುಗ್ಗಿಯಲ್ಲಿ ಕಣಗಳೆಲ್ಲ ಕೆಂಪಾಗಿ, ಗಾಳಿ ಬೀಸಿದರೆ ಬಸ್‌ ನಿಲ್ದಾಣದಲ್ಲಿ ಕುಳಿತವರೂ ಸೀನುತ್ತಾರೆ. ಫಕೀರೇಶ ಅಲ್ಲಿ ಮಕ್ಕಳ ಆರೈಕೆ ಇಲಾಖೆಯ ಮುಖ್ಯಾಧಿಕಾರಿ. ಕೆಟ್ಟವನಲ್ಲ, ಮೈಗಳ್ಳನೂ ಅಲ್ಲ. ಒಳ್ಳೆಯ ಕೆಲಸವನ್ನು ಬೇಗ ಮುಗಿಸಬೇಕು ಎನ್ನುವ ಆತುರದವನು, ಅಷ್ಟೇ. ಅಂಥವರಿಗೆ ಕನಸು ಎಂದರೆ ಸಮಯ ಹಾಳು.

ಅವನ ಕೈಯಲ್ಲಿದ್ದ ಆಜ್ಞೆಯೂ ಒಳ್ಳೆಯದೇ. ಕಣಗಳಲ್ಲಿ ಹೆಂಗಸರು ದಿನವಿಡೀ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಅವರ ಕೂಸುಗಳಿಗಾಗಿ ಪ್ರತಿ ಕಣದ ಪಕ್ಕದಲ್ಲೂ ಒಂದು ತೊಟ್ಟಿಲಮನೆ ಇತ್ತು. ತಗಡಿನ ಮಾಡು, ಸೀರೆಯ ತೊಟ್ಟಿಲು, ಗೋಡೆಯ ಬಣ್ಣ ಹೋಗಿ ಸುಣ್ಣ ಕಾಣುವ ಕೋಣೆಗಳು. ಅವನ್ನೆಲ್ಲ ಮುಚ್ಚಿ, ಊರ ಹೊರಗೆ ಬೈಪಾಸಿನ ಹತ್ತಿರ ಒಂದೇ ಒಂದು ದೊಡ್ಡ ಶಿಶುಭವನ ಕಟ್ಟುವುದು ಅವನ ಯೋಜನೆ. ತಂಪು ಕೋಣೆ, ವೈದ್ಯರು, ಕಲಿಸುವ ಆಟಿಕೆ, ಎಲ್ಲ ಇರುವಂಥದ್ದು. ವರ್ಷಗಟ್ಟಲೆ ಅದಕ್ಕಾಗಿ ಓಡಾಡಿದ್ದ. ಮಂತ್ರಿಗಳು ಮರುದಿನವೇ ಅಡಿಗಲ್ಲು ಹಾಕಲು ಬರುವವರಿದ್ದರು, ಅದಾದ ಮೇಲೆ ಅವನಿಗೆ ರಾಜಧಾನಿಯಲ್ಲಿ ದೊಡ್ಡ ಹುದ್ದೆ ಕಾದಿತ್ತು. ಸಂಜೆಯೊಳಗೆ ಸಹಿ ಬಿದ್ದರಾಯಿತು.

ಆ ದಿನವೇ ಮಗಳು ಮೇದಿನಿಯ ಮೊದಲ ಹುಟ್ಟುಹಬ್ಬ. ಹೆಂಡತಿ ಕಸ್ತೂರಿ ಹೋಳಿಗೆ ಮಾಡಿದ್ದಳು, ತಾಯಿ ದ್ಯಾಮವ್ವ ಗಸಗಸೆ ಪಾಯಸ ಮಾಡಿದ್ದಳು. ಅವನು ಊಟ ಮುಗಿಸಿ ಏಳುವುದರಲ್ಲಿದ್ದಾಗ ದ್ಯಾಮವ್ವ ಸೌಟು ಹಿಡಿದು ಬಂದಳು.

"ಒಂದ ಲೋಟ ಪಾಯಸ ಕುಡೀತಿ ಏನ ತಮ್ಮಾ? ಒತ್ತಾಯ ಇಲ್ಲ. ಬ್ಯಾಡಂದ್ರ ಬಿಡು."

"ಅವ್ವಾ, ನಾ ಇವತ್ತ ಆಫೀಸಿನ್ಯಾಗ ಮಲಗಬೇಕು. ಇದನ್ನ ಕುಡದ್ರ ಎದ್ದಂಗ."

"ಅದಕ್ಕ ಅಂದೆ, ಒತ್ತಾಯ ಇಲ್ಲ ಅಂತ."

ಸೌಟು ಹಿಡಿದು ಎದುರಿಗೆ ನಿಂತ ತಾಯಿ ಒತ್ತಾಯವಿಲ್ಲ ಎಂದಾಗ ಬೇಡ ಎನ್ನುವ ಗಂಡಸು ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಫಕೀರೇಶ ಒಂದು ಲೋಟ ಕುಡಿದ, ಆಮೇಲೆ ಇನ್ನೊಂದನ್ನೂ ಕುಡಿದ. ಆಫೀಸಿನ ಹೊರಗೆ ಚಹಾ ಇದ್ದೇ ಇದೆಯಲ್ಲ ಎಂದುಕೊಂಡ. ಗಸಗಸೆಯ ಶಕ್ತಿ ಬಲ್ಲವರು ಹಾಗೆ ಅಂದುಕೊಳ್ಳುವುದಿಲ್ಲ.

ಹೊರಡುವಾಗ ದ್ಯಾಮವ್ವ ಮೊಮ್ಮಗಳನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಎತ್ತಿಕೊಂಡದ್ದು ಮೊಣಕೈಗಳ ಮೇಲೆ, ಕೊಡ ಹೊತ್ತವರ ಹಾಗೆ. ಗಲ್ಲ ಸವರಿದ್ದು ಕೈಯ ಹಿಂಬದಿಯಿಂದ. ಫಕೀರೇಶನಿಗೆ ಅದನ್ನು ನೋಡಿದಾಗಲೆಲ್ಲ ಎದೆಯಲ್ಲಿ ಒಂದು ಹಳೆಯ ನೋವು ಏಳುತ್ತಿತ್ತು. ಅವನಿಗೆ ಜ್ವರ ಬಂದಾಗಲೂ ಅವ್ವ ಹಣೆಗೆ ಕೈಯ ಹಿಂಬದಿ ತಾಗಿಸಿ ನೋಡುತ್ತಿದ್ದಳು. ಹಾಸ್ಟೆಲಿನಲ್ಲಿ ಬೇರೆ ಹುಡುಗರ ತಾಯಂದಿರು ಬಂದರೆ ಎರಡೂ ಅಂಗೈಗಳಲ್ಲಿ ಮಕ್ಕಳ ಮುಖ ಹಿಡಿದು ನೋಡುತ್ತಿದ್ದರು. ಅವನ ಅವ್ವ ಬುತ್ತಿ ಕೊಟ್ಟು, ದೂರ ನಿಂತು, ಉಂಡೆಯಾ ಎಂದು ಕೇಳಿ ಹೋಗುತ್ತಿದ್ದಳು. ಅವಳ ಸ್ವಭಾವವೇ ಅಷ್ಟು ಎಂದು ಅವನು ಚಿಕ್ಕಂದಿನಲ್ಲೇ ತೀರ್ಮಾನಿಸಿದ್ದ. ತೀರ್ಮಾನಿಸಿದ ಮೇಲೆ ಕೇಳುವುದೇನಿದೆ.

ನಿದ್ರಾಕೊಠಡಿಯಲ್ಲಿ ಕಿಟಕಿಗಳಿಗೆ ನೀಲಿ ಪರದೆ. ಬಿಸಿಲು ಆ ಪರದೆಯನ್ನು ದಾಟಿ ಒಳಗೆ ಬರುವಾಗ ಕೆರೆಯ ನೀರಿನ ತಳದಲ್ಲಿ ಇದ್ದಂತೆ ತೋರುತ್ತಿತ್ತು. ಯಂತ್ರ ನೋಡಿಕೊಳ್ಳುವವಳು ನೀಲಗಂಗಾ ಹೊಂಬಳ ಎಂಬ ಇಂಜಿನಿಯರ್, ಮಿತಭಾಷಿ. ಅವಳ ಮೇಜಿನ ಮೇಲೆ ಒಂದು ಮುಳ್ಳು ಇತ್ತು. ಆಜ್ಞೆ ಕಾಗದದ ಮೇಲೆ ನಿರ್ದೇಶಕ ತತ್ವಗಳಿಗೆ ಎಷ್ಟು ಹತ್ತಿರವಿದೆ ಎಂದು ತೋರಿಸುವ ಮುಳ್ಳು ಅದು. ಫಕೀರೇಶನ ಆಜ್ಞೆಗೆ ಅದು ಬಲಕ್ಕೆ ಪೂರ್ತಿ ವಾಲಿ ನಿಂತಿತ್ತು.

"ನೋಡ್ರಿ ಮೇಡಂ, ಮಕ್ಕಳ ಆರೈಕೆ, ಶಿಕ್ಷಣ, ಪೌಷ್ಟಿಕತೆ, ಎಲ್ಲಾದಕ್ಕೂ ಪೂರಾ ಮಾರ್ಕ್ಸ್. ಇನ್ನ ಕನಸು ಯಾಕ ಬೇಕು?"

"ಮುಳ್ಳು ಕಾಗದ ಓದತೈತ್ರಿ ಸಾಹೇಬ್ರ. ದಿನ ಹೆಂಗ ಹೋಗತೈತಿ ಅನ್ನೋದು ಅದಕ್ಕ ತಿಳಿಯಂಗಿಲ್ಲ." ಅವಳು ತಲೆದಿಂಬು ಸರಿಪಡಿಸಿದಳು. "ಚಹಾ ಆತೇನ್ರಿ?"

"ಎರಡ ಕಪ್ ಆತು" ಎಂದು ಅವನು ನಕ್ಕ. ಅವಳೂ ಸ್ವಲ್ಪ ನಕ್ಕಳು. ಎಲ್ಲರಿಗೂ ಗೊತ್ತಿದ್ದ ಗುಟ್ಟು ಅದು. ಚಹಾ ಕುಡಿಯಬಾರದೆಂದು ಕಾನೂನಿನಲ್ಲಿ ಎಲ್ಲೂ ಇರಲಿಲ್ಲ.

ಅವನು ಮಲಗಿದ. ಚಹಾ ಅವನನ್ನು ಮೇಲಕ್ಕೆ ಎಳೆಯಿತು, ಪಾಯಸ ಕೆಳಕ್ಕೆ ಎಳೆಯಿತು. ಸ್ವಲ್ಪ ಹೊತ್ತು ಅವನು ನಡುವೆ ತೂಗಾಡಿದ. ಕೊನೆಗೆ ಪಾಯಸ ಗೆದ್ದಿತು.

ಕೆಳಗೆ, ಇನ್ನೂ ಕೆಳಗೆ, ಬೆಳಕು ಹಾಲಿನಂತಿತ್ತು. ತಾನು ಒಬ್ಬ ಹೆಂಗಸಾಗುತ್ತೇನೆ ಎಂದುಕೊಂಡಿದ್ದ. ನೋಡಿದರೆ ಅವನಿಗೆ ತನ್ನ ಕೈ ಎಲ್ಲಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಏನೋ ಒಂದು ಎದುರಿಗೆ ಹಾರಾಡಿತು, ಬಾಯಿಗೆ ಬಂತು, ಅದು ಅವನದೇ ಮುಷ್ಟಿ. ಯಂತ್ರ ಅವನಿಗೆ ಕೂಸಿನ ಮೈ ಕೊಟ್ಟಿತ್ತು. ಒಸಡಿನಲ್ಲಿ ಹಲ್ಲು ಬರುವ ತುರಿಕೆ.

ದೊಡ್ಡ ಮನೆ. ಛಾವಣಿಯಲ್ಲಿ ಬಣ್ಣದ ಮೀನುಗಳು ತಿರುಗುತ್ತಿದ್ದವು. ಅದು ತಾನೇ ಕಟ್ಟಿಸಲಿದ್ದ ಶಿಶುಭವನ ಎಂದು ಫಕೀರೇಶನ ಯಾವುದೋ ಮೂಲೆಗೆ ತಿಳಿದು ಖುಷಿಯಾಯಿತು. ಎಲ್ಲವೂ ಚೆನ್ನಾಗಿತ್ತು. ತಂಪು ಗಾಳಿ ಬರುತ್ತಿತ್ತು. ಸಾಬೂನಿನ ವಾಸನೆಯ ಕೈಗಳು ಎತ್ತಿದವು, ಒರೆಸಿದವು, ಬಾಟಲಿಯ ಹಾಲು ಕುಡಿಸಿದವು. ಯಾರೋ ಹಾಡಿದರು. ಮೀನುಗಳು ತಿರುಗಿದವು, ತಿರುಗಿದವು. ಏನೂ ಕೊರತೆಯಿರಲಿಲ್ಲ, ಆದರೂ ಕೂಸು ಯಾವುದಕ್ಕೋ ಕಿವಿ ಕೊಟ್ಟು ಮಲಗಿತ್ತು. ಬಾಗಿಲಾಚೆ ಒಂದು ಬಳೆಯ ಸದ್ದು ಬರಬೇಕು. ಅದು ಬಂದರೆ ಮಾತ್ರ ಬೆಳಗು ಮುಗಿದು ಮಧ್ಯಾಹ್ನವಾಗುತ್ತದೆ, ಮಧ್ಯಾಹ್ನ ಮುಗಿದು ಸಂಜೆಯಾಗುತ್ತದೆ. ಅದು ಬರಲಿಲ್ಲ, ಹಾಗಾಗಿ ಕೂಸಿನ ಪಾಲಿಗೆ ದಿನ ಕದಲಲೇ ಇಲ್ಲ.

ಕನಸು ಒಂದು ಗಳಿಗೆ ಹಿಂದಕ್ಕೆ ಹೊರಳಿತು. ಈಗ ತಗಡಿನ ಮಾಡು, ಸೀರೆಯ ತೊಟ್ಟಿಲು, ಕಣದ ಪಕ್ಕದ ಹಳೆಯ ತೊಟ್ಟಿಲಮನೆ. ಹೊರಗೆ ತೊಟ್ಟಿಯಂತೆ ಕೊರೆದ ಕಲ್ಲಿನ ದೋಣಿ, ಅದರಲ್ಲಿ ಮಜ್ಜಿಗೆ. ಹೆಂಗಸರು ಕೆಲಸದ ನಡುವೆ ಎದ್ದು ಬಂದು, ಕೈಗಳನ್ನು ಮಜ್ಜಿಗೆಯಲ್ಲಿ ಅದ್ದಿ, ಬೂದಿ ಹಚ್ಚಿ ತಿಕ್ಕಿ, ಎಣ್ಣೆ ಸವರಿ, ಬಾಗಿಲಲ್ಲಿ ಕುಳಿತ ಮುದುಕಿಯ ಮೂಗಿಗೆ ಅಂಗೈ ಹಿಡಿಯುತ್ತಿದ್ದರು. ಮುದುಕಿ ಮೂಸಿ ನೋಡಿ, ಖಾರ ಹೋಗಿದೆ ಎನ್ನಿಸಿದರೆ "ಹೋಗು" ಎನ್ನುತ್ತಿದ್ದಳು. ಹೋಗದಿದ್ದರೆ ಮತ್ತೆ ಮಜ್ಜಿಗೆ. ಕಣದ ಹೆಂಗಸರು ತಾವೇ ಮಾಡಿಕೊಂಡ ಕಟ್ಟಳೆ ಅದು. ಆಮೇಲೆ ಬಳೆಯ ಸದ್ದು ಹತ್ತಿರ ಬಂದು, ಹುಳಿ ಮಜ್ಜಿಗೆಯ ವಾಸನೆಯ ಒಂದು ಅಂಗೈ ಕೂಸಿನ ಗಲ್ಲದ ಮೇಲೆ ಪೂರ್ತಿಯಾಗಿ ಕೂತಿತು. ಫಕೀರೇಶನಿಗೆ ಆ ಅಂಗೈಯೊಳಗೆ ಲೋಕವೆಲ್ಲ ಮುಚ್ಚಿಹೋದಂತೆ ಸುಖವಾಯಿತು. ಅಂಥ ಸುಖವನ್ನು ಅವನು ಹಿಂದೆಂದೂ ಪಟ್ಟಿರಲಿಲ್ಲ.

ಅಷ್ಟರಲ್ಲಿ ತಗಡು ಕರಗಿ ಮತ್ತೆ ಮೀನುಗಳ ಮನೆ ಬಂತು. ಅಲ್ಲಿ ಸಂಜೆಯಾಗಿತ್ತು. ಕಣ ಬಿಟ್ಟು, ಬಸ್ಸು ಹಿಡಿದು, ಬಾಗಿಲು ಮುಚ್ಚುವುದರೊಳಗೆ ಮುಟ್ಟಬೇಕೆಂದು ಓಡಿಬಂದ ತಾಯಿ ಬಾಗಿಲಲ್ಲಿ ನಿಂತಳು. ರವಿಕೆಯ ಎದೆ ಒದ್ದೆಯಾಗಿತ್ತು. ಕೈ ತೊಳೆಯಲು ಹೊತ್ತು ಎಲ್ಲಿತ್ತು? ಕೂಸನ್ನು ಮೊಣಕೈಗಳ ಮೇಲೆ ಎತ್ತಿಕೊಂಡಳು. ಕೂಸು ಆಸೆಯಿಂದ ಮುಖ ತಿರುಗಿಸಿ ಅಂಗೈಯನ್ನು ಹುಡುಕಿತು. ಅಂಗೈ ಸರಕ್ಕನೆ ದೂರ ಹೋಯಿತು. ಗಲ್ಲಕ್ಕೆ ಸಿಕ್ಕಿದ್ದು ಕೈಯ ಹಿಂಬದಿ. ಕೂಸು ಮತ್ತೆ ಹುಡುಕಿತು, ಅಂಗೈ ಮತ್ತೆ ದೂರ ಹೋಯಿತು. ಖಾರದ ಕಥೆ ಕೂಸಿಗೆ ಗೊತ್ತಿರಲಿಲ್ಲ. ಅಂಗೈ ತನಗೆ ಸಿಗುವುದಿಲ್ಲ ಎಂಬುದಷ್ಟೇ ಗೊತ್ತಾಯಿತು. ತಾಯಿ ಬಗ್ಗಿದಳು, ಅವಳ ಮುಖ ಕಂಡಿತು. ಅವಳು ಅಳುತ್ತಿದ್ದಳು, ಖಾರದ ಕೈಯಿಂದ ತನ್ನ ಕಣ್ಣನ್ನೂ ಒರೆಸಿಕೊಳ್ಳಲಾರದೆ.

ಫಕೀರೇಶ ಎದ್ದು ಕೂತಾಗ ತಲೆದಿಂಬು ತೊಯ್ದಿತ್ತು. ಬಿಸಿಲು ನೀಲಿ ಪರದೆಯ ಕೆಳಗಿನ ಅಂಚಿಗೆ ಇಳಿದಿತ್ತು.

"ನಮ್ಮ ಅವ್ವನ್ನ ಇದರಾಗ ಯಾಕ ಹಾಕಿದ್ರಿ?" ಎಂದು ಕೇಳಿದ. ಧ್ವನಿಯಲ್ಲಿ ಸಿಟ್ಟಿತ್ತು.

ನೀಲಗಂಗಾ ಗಾಬರಿಯಾದಳು. "ನಿಮ್ಮ ಅವ್ವಾರು ಯಾರಂತ ನಮಗ ಹೆಂಗ ಗೊತ್ತಾಗಬೇಕ್ರಿ? ಇದರಾಗ ಇರೂದು ಈಗ ಕಣದಾಗ ಕೆಲಸಾ ಮಾಡೋರ ಉಸಿರು, ಅವರ ಕೂಸುಗಳ ಎದಿಬಡಿತ. ಬ್ಯಾರೆ ಏನೂ ಇಲ್ರಿ."

ಅವನಿಗೆ ಅವಳ ಮಾತು ನಿಜವೆಂದು ಗೊತ್ತಿತ್ತು. ತನಗೆ ನೆನಪು ಮೂಡುವ ಮೊದಲು ಅವ್ವ ಮೆಣಸಿನಕಾಯಿ ಕಣದಲ್ಲಿ ತೊಟ್ಟು ಬಿಡಿಸುತ್ತಿದ್ದಳು ಎಂಬುದೂ ಗೊತ್ತಿತ್ತು. ಅದು ಮನೆಯಲ್ಲಿ ಯಾರೂ ಮುಚ್ಚಿಟ್ಟ ವಿಷಯವಲ್ಲ. ಆ ಕಾಲದಲ್ಲಿ ತೊಟ್ಟಿಲಮನೆಗಳಿರಲಿಲ್ಲ, ಮಜ್ಜಿಗೆಯ ದೋಣಿಯೂ ಇರಲಿಲ್ಲ. ಅದೂ ಗೊತ್ತಿತ್ತು. ಎಲ್ಲ ಗೊತ್ತಿದ್ದೂ ಒಂದಕ್ಕೊಂದು ಸೇರಿರಲಿಲ್ಲ. ಇಷ್ಟು ವರ್ಷ ಅವನು ಆ ತಾಯಿಯ ಮೇಲೆ ಮುನಿಸಿಕೊಂಡಿದ್ದ.

ನೀಲಗಂಗಾ ಎದ್ದು ನಿಂತು, ನಿಯಮದಂತೆ ಕೇಳಬೇಕಾದ ಮಾತನ್ನು ಕೇಳಿದಳು. "ಆಜ್ಞೆಯ ಕನಸನ್ನು ಕಂಡಿರುವಿರಿ. ಕಂಡಂತೆ ನಡೆಯಬೇಕೆಂಬ ಒತ್ತಾಯ ನಿಮಗಿಲ್ಲ. ಸಹಿ ಮಾಡುವಿರಾ?"

ಸಹಿ ಎಂದರೆ ಆಗ ಮಿಂಚಿನ ಪಾಟಿಯೊಂದರ ಮೇಲೆ ಅಂಗೈ ಊರುವುದು. ಪಾಟಿ ಅವನ ಮುಂದೆ ಮೆಲ್ಲಗೆ ಬೆಳಗುತ್ತಿತ್ತು. ಫಕೀರೇಶ ತನ್ನ ಅಂಗೈಯನ್ನು ನೋಡಿಕೊಂಡ. ಮೆತ್ತಗಿನ, ಎಲ್ಲಿಯೂ ಉರಿಯದ ಅಂಗೈ.

"ಸೂರ್ಯ ಮುಳುಗಾಕ ಇನ್ನೂ ಹೊತ್ತೈತಲ್ರಿ?" ಎಂದ.

"ಐತ್ರಿ."

"ಮನೀಗೆ ಒಯ್ತೀನಿ."

ದಾರಿಯಲ್ಲಿ ಅವನ ಬುದ್ಧಿ ವಕೀಲನಂತೆ ವಾದಿಸಿತು. ಕನಸು ಕನಸೇ. ಶಿಶುಭವನದಲ್ಲಿ ವೈದ್ಯರಿರುತ್ತಾರೆ, ಮಕ್ಕಳು ಬದುಕುತ್ತವೆ, ಕಲಿಯುತ್ತವೆ. ಬಾಗಿಲಲ್ಲಿ ಒಂದು ಮಜ್ಜಿಗೆಯ ದೋಣಿ ಇಡಿಸಿದರಾಯಿತು. ಆದರೆ ಕಣದಿಂದ ಬೈಪಾಸಿಗೆ ಮಧ್ಯಾಹ್ನ ಯಾವ ತಾಯಿ ಬಂದಾಳು? ಸಹಿ ಮಾಡದಿದ್ದರೆ ನಾಳೆ ಮಂತ್ರಿಗಳ ಮುಂದೆ ಮಾನ ಹೋಗುತ್ತದೆ, ರಾಜಧಾನಿಯ ಹುದ್ದೆಯೂ ಹೋಗುತ್ತದೆ. ಯಾವ ಕೋರ್ಟೂ ಅವನನ್ನು ಕೇಳುವುದಿಲ್ಲ, ಸಹಿ ಮಾಡಿದರೂ ಕೇಳುವುದಿಲ್ಲ, ಮಾಡದಿದ್ದರೂ ಕೇಳುವುದಿಲ್ಲ. ಅದೇ ಅವನಿಗೆ ಭಾರವಾಯಿತು. ಯಾರಾದರೂ ಒತ್ತಾಯ ಮಾಡಿದ್ದರೆ ಜಗಳವಾಡಬಹುದಿತ್ತು.

ಮನೆಯ ಮುಂದಿನ ಕಟ್ಟೆಯ ಮೇಲೆ ದ್ಯಾಮವ್ವ ಕುಳಿತಿದ್ದಳು. ಪಕ್ಕದಲ್ಲಿ ಚಾಪೆಯ ಮೇಲೆ ಮೇದಿನಿ ನಿದ್ದೆಹೋಗಿದ್ದಳು. ಪಶ್ಚಿಮದ ಆಕಾಶ ಕಣದಲ್ಲಿ ಹರಡಿದ ಕಾಯಿಯಂತೆ ಕೆಂಪಗಿತ್ತು. ಫಕೀರೇಶ ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು ತಾಯಿಯ ಪಕ್ಕದಲ್ಲಿ ಕುಳಿತ. ಅವಳು ಅವನ ಕಣ್ಣು ನೋಡಿದಳು.

"ಕಣ್ಣು ಯಾಕ ಹಿಂಗ ಕೆಂಪಗ ಆಗ್ಯಾವ? ಜ್ವರಾ ಏನು?" ಎಂದು ಹಣೆಗೆ ಕೈಯ ಹಿಂಬದಿ ತಾಗಿಸಿದಳು.

ಫಕೀರೇಶ ಆ ಕೈಯನ್ನು ಹಿಡಿದುಕೊಂಡ. ಮೆಲ್ಲಗೆ ತಿರುಗಿಸಿ ಅಂಗೈಯನ್ನು ತನ್ನ ಗಲ್ಲದ ಹತ್ತಿರ ತಂದ.

ದ್ಯಾಮವ್ವ ಸರಕ್ಕನೆ ಕೈ ಎಳೆದುಕೊಂಡಳು. "ಬ್ಯಾಡೋ, ಉರೀತೈತಿ."

ತನ್ನ ಅಂಗೈಯನ್ನು ಮುಂದೆ ಹಿಡಿದು, ಯಾರದೋ ಕೈ ನೋಡುವಂತೆ ನೋಡಿದಳು.

"ಯಾವ ಕಾಲದ ಮಾತು ನೋಡು. ನಾ ಮರತೀನಿ, ಕೈ ಮರತಿಲ್ಲ." ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. "ಒಂದ ಸಲ ಮರತು ನಿನ್ನ ಮಾರಿ ಮುಟ್ಟಿಬಿಟ್ಟಿದ್ದೆ. ಕಣ್ಣು ಬಾತು, ಕತ್ತಲಾಗೋತನಾ ಚೀರಿದಿ. ಅವತ್ತಿನಿಂದ ನನಗ ಅಂಜಿಕಿ ಕುಂತಬಿಡ್ತು."

"ನನಗ ಯಾಕ ಹೇಳಲಿಲ್ಲವ್ವಾ?"

"ಕೂಸಿಗೆ ಏನಂತ ಹೇಳೂದು? ದೊಡ್ಡಾವ ಆದ ಮ್ಯಾಲ ನೀ ಕೇಳಲಿಲ್ಲ."

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಅದಕ್ಕೇ ಅವನಿಗೆ ಅಳು ಬಂತು. ಅವನು ಮತ್ತೆ ಅವಳ ಕೈ ಹಿಡಿದುಕೊಂಡ. "ಈಗ ಉರಿಯಂಗಿಲ್ಲ, ಕೊಡವ್ವಾ" ಎಂದ. ದ್ಯಾಮವ್ವ ಈ ಸಲ ಎಳೆದುಕೊಳ್ಳಲಿಲ್ಲ. ಅಂಗೈ ಒರಟಾಗಿ, ಬೆಚ್ಚಗೆ ಅವನ ಗಲ್ಲದ ಮೇಲೆ ಕೂತಿತು. ಅದು ಜಾರದಂತೆ ಅವನು ತನ್ನ ಎರಡೂ ಅಂಗೈಗಳನ್ನು ಅದರ ಮೇಲೆ ಊರಿದ.

ತೊಡೆಯ ಮೇಲಿನ ಪಾಟಿ ನೆನಪಿಸುವಂತೆ ಒಮ್ಮೆ ಮಿನುಗಿತು. ಅವನಿಗೆ ಅದು ಕಂಡಿತು, ಸೂರ್ಯ ಎಲ್ಲಿಗೆ ಇಳಿದಿದ್ದಾನೆ ಎಂಬುದೂ ಕಂಡಿತು. ಕೈ ತೆಗೆಯಲು ಬೇಕಾದಷ್ಟು ಹೊತ್ತಿತ್ತು. ಅವನು ತೆಗೆಯಲಿಲ್ಲ. ಸೂರ್ಯ ಕಣಗಳ ಹಿಂದೆ ಇಳಿದ, ಪಾಟಿಯ ಬೆಳಕು ಆರಿತು. ದೂರದ ಕಣದಲ್ಲಿ ಯಾರೋ ಹೆಂಗಸರು ನಗುತ್ತ ಕೈ ತೊಳೆಯುವ ಸದ್ದು ಕೇಳಿಸಿತು.

"ಅದೇನೋ ಆರಿಹೋತು ನೋಡು, ನಿನ್ನ ಆಫೀಸಿಂದು" ಎಂದಳು ದ್ಯಾಮವ್ವ.

"ಆರಲಿ ಬಿಡವ್ವಾ. ನಾಳೆ ಮಂತ್ರಿಗಳಿಗೆ ನಾ ಹೇಳತೀನಿ. ಡಾಕ್ಟರನ್ನ ಕಣಕ್ಕ ಕರಕೊಂಡ ಬರೂದು, ಕೂಸುಗಳನ್ನ ಬೈಪಾಸಿಗೆ ಒಯ್ಯೂದಲ್ಲ."

ಅವಳಿಗೆ ಅದು ಅರ್ಥವಾಗಲಿಲ್ಲ. ಅವನ ಗಲ್ಲದ ಮೇಲೆ ಕೈಯನ್ನು ಇನ್ನೂ ಇಟ್ಟುಕೊಂಡೇ ಅಡುಗೆಮನೆಯ ಕಡೆ ನೋಡಿದಳು.

"ಪಾಯಸ ಇನ್ನೊಂದ ಲೋಟ ಉಳದೈತಿ" ಎಂದಳು. "ಒತ್ತಾಯ ಇಲ್ಲ."